ತರದೆ ಇದ್ದದ್ದಕ್ಕೆ ‘ಇಲ್ಲ’ ಎಂದವರಿಗೆ

ಕಾರವಾರದಾಚೆಯ ತೇಲುಕೇರಿ,
೨೨೯೧, ನಮ್ಮ ಹೊಸ ಪಂಚಾಂಗದ ಹದಿಮೂರನೆಯ ತಿಂಗಳ ಎರಡನೆಯ ದಿನ

ಶತಮಾನಗಳ ಹಿಂದೆ ಕೂತು ಲೈಬ್ರರಿ ಬರೆಯುತ್ತಿರುವ ಹಿರಿಯರೇ,

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನಾನು ಶನಿಯಾರ, ಸಮುದ್ರದ ಮೇಲೆ ತೇಲುವ ಈ ಕೇರಿಯ ವೈದ್ಯಶಾಲೆಗೆ ಪ್ರೋಗ್ರಾಂ ಬರೆಯುವವನು. ದಡದ ಸರ್ವರಿನಿಂದ ಮಾಹಿತಿ ತರಲು ನಮ್ಮ ಪ್ರೋಗ್ರಾಂಗಳು ಇಂದಿಗೂ ಬಳಸುವುದು ನೀವು ಬರೆದಿಟ್ಟ ಸಿದ್ಧ ಪ್ರೋಗ್ರಾಂ ತುಣುಕುಗಳನ್ನೇ, ಆ ನಿಮ್ಮ ಲೈಬ್ರರಿಯನ್ನೇ.

ಇಲ್ಲಿ ಪ್ರತಿಯೊಬ್ಬರಿಗೂ ಒಂದು ‘ಗಂಟು’ ಇರುತ್ತದೆ, ಅಂದರೆ ಆ ಮನುಷ್ಯನ ಎಲ್ಲ ವಿವರಗಳ ಕಟ್ಟು. ತೆರೆದರೆ ಮೊದಲು ಬರುವುದು ಹೆಸರು, ವಯಸ್ಸು ಅಷ್ಟೇ. ಉಳಿದ ವಿವರವನ್ನು ಪ್ರೋಗ್ರಾಂ ಮುಟ್ಟಿದಾಗ ಮಾತ್ರ ಲೈಬ್ರರಿ ತಂದುಕೊಡುತ್ತದೆ. ನಮ್ಮ ಸಂಪರ್ಕ ನಿಧಾನ. ಎಲ್ಲವನ್ನೂ ಒಮ್ಮೆಲೇ ತಂದರೆ ಕೇರಿಗೆ ಕೇರಿಯೇ ಕಾಯುತ್ತಾ ಕೂರಬೇಕು. ಜಾಣತನವೇ, ಒಪ್ಪಿದೆ. ಪ್ರೋಗ್ರಾಂನಲ್ಲಿ ಗಂಟಿನ ಹೆಸರಿನ ಮುಂದೊಂದು ಚುಕ್ಕಿ ಇಟ್ಟು ವಿವರದ ಹೆಸರು ಬರೆದರೆ ಸಾಕು, ತರುವುದು ಲೈಬ್ರರಿಯ ಕೆಲಸ, ಬೇರೇನೂ ತಲೆ ಕೆಡಿಸಿಕೊಳ್ಳಬೇಡಿ ಎಂದು ಕೈಪಿಡಿಯಲ್ಲಿ ಹೆಮ್ಮೆಯಿಂದ ಬರೆದಿದ್ದೀರಿ. ನಾವೂ ಕೆಡಿಸಿಕೊಳ್ಳಲಿಲ್ಲ. ಎಷ್ಟರಮಟ್ಟಿಗೆ ಎಂದರೆ, ರೋಗಿಯನ್ನು ಬಾಯಿಬಿಟ್ಟು ಏನಾದರೂ ಕೇಳುವುದೇ ಈಗ ಇಲ್ಲಿ ಅಸಭ್ಯತನ. ಗಂಟು ಓದಲು ಬಾರದವರು ಕೇಳುತ್ತಾರೆ ಎಂದು ಜನ ನಗುತ್ತಾರೆ.

ಹೋದ ತಿಂಗಳು ನನ್ನ ತಂಗಿ ತುಳಸುವಿಗೆ ಜ್ವರ ಬಂತು. ವೈದ್ಯೆ ಬೀರಮ್ಮ ಒಂದು ಔಷಧದ ಹೆಸರು ಹೇಳಿದರು. ನನ್ನ ಪ್ರೋಗ್ರಾಂ ‘ಆಗದ ಔಷಧಗಳು’ ಎಂಬ ವಿವರವನ್ನು ಮುಟ್ಟಿತು. ಅದೇ ಗಳಿಗೆಗೆ ಸಂಪರ್ಕ ಕಡಿದುಹೋಗಿತ್ತು. ನಿಮ್ಮ ಲೈಬ್ರರಿ ‘ತರಲಾಗಲಿಲ್ಲ’ ಎನ್ನಲಿಲ್ಲ. ಪ್ರೋಗ್ರಾಂ ಬರೆಯುವವರಿಗೆ ಕಿರಿಕಿರಿ ಆಗಬಾರದು ನೋಡಿ, ಅದಕ್ಕೇ ಖಾಲಿ ಪಟ್ಟಿ ಕೊಟ್ಟು ತೆಪ್ಪಗಾಯಿತು. ಖಾಲಿ ಎಂದರೆ ಯಾವುದೂ ಇಲ್ಲ ಎಂದುಕೊಂಡು ನನ್ನ ಪ್ರೋಗ್ರಾಂ ‘ಕೊಡಬಹುದು’ ಎಂದು ಹಸಿರು ತೋರಿಸಿತು. ತುಳಸು ಏನೋ ಹೇಳಲು ಕೈ ಎತ್ತಿದಳು.

“ನೀ ಹೇಳೂದು ಬ್ಯಾಡ ತಂಗಿ, ಎಲ್ಲಾ ಗಂಟಿನಲ್ಲೇ ಅದೆ,” ಎಂದರು ಬೀರಮ್ಮ, ಮರ್ಯಾದೆಯಿಂದ. ಔಷಧ ಕೊಟ್ಟರು.

ಸಂಪರ್ಕ ಮರಳುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಆಮೇಲೆ ಪಟ್ಟಿ ಬಂತು. ಅದರಲ್ಲಿದ್ದದ್ದು ಒಂದೇ ಹೆಸರು, ಅದೇ ಔಷಧದ್ದು.

ನಿಮ್ಮ ಪಾಲಿಗೆ ಅದಿನ್ನೂ ಅರ್ಧ ಬರೆದ ಲೈಬ್ರರಿ. ಅದಕ್ಕೇ ಬೇಡುತ್ತೇನೆ: ತರಲಾಗದಿದ್ದರೆ ತರಲಾಗಲಿಲ್ಲ ಎಂದೇ ಹೇಳಲಿ. ಪ್ರೋಗ್ರಾಂ ಅಲ್ಲೇ ನಿಲ್ಲಲಿ, ಬರೆದವರು ನಿಮಗೆ ಹಿಡಿಶಾಪ ಹಾಕಲಿ. ಒಂದಿಷ್ಟು ಬೈಗುಳ ತಿಂದರೆ ನಿಮಗೇನೂ ಆಗುವುದಿಲ್ಲ.

ನಿಮ್ಮನ್ನು ಇಷ್ಟು ಬೈದೆ. ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯ. ಆ ಔಷಧ ತುಳಸುವಿಗೆ ಆಗದೆಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಒಮ್ಮೆ ಅವಳ ಮೈಯೆಲ್ಲ ಬಾತದ್ದನ್ನು ಕಣ್ಣಾರೆ ಕಂಡಿದ್ದೆ. ಬೀರಮ್ಮ ಔಷಧ ಕೊಡುವಾಗ ಅವಳ ಮಂಚದ ಪಕ್ಕದಲ್ಲೇ ನಿಂತಿದ್ದೆ. ಹಸಿರು ಕಂಡಿತು, ಸುಮ್ಮನಿದ್ದೆ.

ಶನಿಯಾರ