ಮುಚ್ಚಿಟ್ಟ ತಟ್ಟೆ

ಜೂನ್ 28, ಶನಿವಾರ. ಬೆಳಿಗ್ಗೆ ಹತ್ತು.

ಬರೆಯಬೇಕಂತೆ. ಎಪ್ಪತ್ತೆರಡು ವರ್ಷದವನ ಕೈಗೆ ನೋಟ್‌ಬುಕ್ ಕೊಟ್ಟು ಬರೆ ಅನ್ನುತ್ತಾರೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಇಲ್ಲಿ ಮುಂಬಯಿಯಲ್ಲಿ ಎರಡು ವರ್ಷ ನೈಟ್ ಸ್ಕೂಲು — ಅದೂ ಬೋಟು ದಡದಲ್ಲಿದ್ದ ಮಳೆಗಾಲದಲ್ಲಿ ಮಾತ್ರ. ಹಗ್ಗ ಎಳೆದು ಎಳೆದು ಬೆರಳು ಮಡಚುವುದಿಲ್ಲ. ಪೆನ್ನು ಜಾರುತ್ತದೆ.

ಸಯನ್ ಆಸ್ಪತ್ರೆಯ ಡಾಕ್ಟರು ಹೇಳಿದ್ದು. ಬಿಪಿ ನೂರಾ ತೊಂಬತ್ತು. "ಸಿಟ್ಟು ಬಂದಾಗಲೆಲ್ಲ ತಾರೀಕು, ಗಂಟೆ ಹಾಕಿ ಬರೆಯಿರಿ. ಯಾಕೆ ಬಂತು ಅಂತಲೂ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ." ಯಾರಿಗೂ ತೋರಿಸದಿದ್ದರೆ ಬರೆಯುವುದು ಯಾಕೆ ಅಂತ ಕೇಳಿದೆ. ನಕ್ಕರು. ನಗುವ ಡಾಕ್ಟರನ್ನು ಕಂಡರೆ ನನಗೆ ಆಗುವುದಿಲ್ಲ. — ಇದು ಒಂದನೇ ಸಿಟ್ಟು. ಬರೆದಾಯಿತು.

ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು ಗುರುವಾರದ ಗಲಾಟೆಗೆ. ಮಗ ಪ್ರೀತಮನಿಗೆ ಏರ್‌ಪೋರ್ಟಿನಲ್ಲಿ ಸೆಕೆಂಡ್ ಶಿಫ್ಟು. ಸೊಸೆ ವೈಶಾಲಿ ಅವನ ಊಟ ತಟ್ಟೆಗೆ ಬಡಿಸಿ, ಮೇಲೆ ಮುಚ್ಚಳ ಇಟ್ಟು, ಅಡುಗೆ ಕಟ್ಟೆಯ ಮೇಲೆ ಇಟ್ಟಿದ್ದಳು. ಈ ಮನೆಯಲ್ಲಿ ತಟ್ಟೆ ಮುಚ್ಚಿಡಬಾರದು ಅಂತ ಅವಳು ಮದುವೆಯಾಗಿ ಬಂದ ವಾರವೇ ಹೇಳಿದ್ದೆ. ಪಾತ್ರೆಯಲ್ಲಿ ಇರಲಿ, ಬಂದವನು ಬಡಿಸಿಕೊಳ್ಳಲಿ. ಹದಿನೈದು ವರ್ಷ ನಡೆಸಿದಳು. ಗುರುವಾರ ಮರೆತಳು. ಎತ್ತಿ ಎಸೆದೆ. ಸಾರು ಟಿವಿಗೆ ತಾಗಿತು.

ಯಾಕೆ ಅಂತ ಬರೆಯಬೇಕಂತೆ. ಬರೆಯುವುದಿಲ್ಲ.

ಜೂನ್ 30, ಸೋಮವಾರ. ಸಂಜೆ ಆರು.

ಪ್ರೀತಮ್ ಮೊಬೈಲ್ ಹಿಡಿದು ಬಂದ. ಮನೋರಿ ದ್ವೀಪದಲ್ಲಿ ಯಾವುದೋ ರೆಸಾರ್ಟು. ಮೂರು ರಾತ್ರಿ. ತಿನ್ನುವುದು, ಕುಡಿಯುವುದು, ಮಲಗುವುದು, ಎಲ್ಲಾ ಪ್ಯಾಕೇಜಿನಲ್ಲೇ. ಮಳೆಗಾಲದ ಆಫರ್. ಐದು ಜನರಿಗೆ ಬುಕ್ ಮಾಡಿಯೂ ಆಗಿದೆ.

"ಡಾಕ್ಟರು ಹವಾ ಬದಲಾಗ್ಬೇಕು ಅಂದ್ರಲ್ಲ ಅಪ್ಪಾ. ಟ್ರಾಪಿಕಲ್ ಐಲ್ಯಾಂಡ್ ಥೀಮ್ ಉಂಟು. ಮಾಲ್ದೀವ್ಸ್ ಹಾಗೆ."

"ನಲ್ವತ್ತು ವರ್ಷ ಸಮುದ್ರದಲ್ಲಿ ಕೂತವನಿಗೆ ಎಂಥ ಹವಾ ಮಾರಾಯ? ನಾನು ಬರುವುದಿಲ್ಲ. ಮನೋರಿಗಂತೂ ಬರುವುದೇ ಇಲ್ಲ."

"ಮನೋರಿ ಎಂತ ಮಾಡಿದೆ ನಿಮ್ಗೆ?"

ಇವನಿಗೆ ಗೊತ್ತಿಲ್ಲ. ಆಗ ನಾಲ್ಕು ವರ್ಷ ಇವನಿಗೆ. ಚಿಕ್ಕಪ್ಪ ಬೋಟಿನಿಂದ ಬಿದ್ದು ಹೋದ ಅಂತ ಮಾತ್ರ ಗೊತ್ತು. ಎಲ್ಲಿ ಅಂತ ಕೇಳಿದವನಲ್ಲ.

ವಾರಿಜಾ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಹೋಗುವ," ಅಂದಳು.

ನಲ್ವತ್ತೈದು ವರ್ಷದ ಹೆಂಡತಿ. ಅವಳಿಗೆ ಗೊತ್ತು ಮನೋರಿ ಅಂದರೆ ಏನು ಅಂತ. ಗೊತ್ತಿದ್ದೂ ಹೋಗುವ ಅಂದಳು. ಎರಡನೇ ಸಿಟ್ಟು.

ಜುಲೈ 4, ಶುಕ್ರವಾರ. ಮಧ್ಯಾಹ್ನ ಎರಡು.

ಬಂದಾಯಿತು. ಮಾರ್ವೆಯಿಂದ ಫೆರಿ. ಫೆರಿಯಲ್ಲಿ ತಲೆ ಎಣಿಸಿದೆ — ನಲ್ವತ್ತಮೂರು. ಇಳಿಯುವಾಗ ಎಣಿಸಿದೆ — ನಲ್ವತ್ತಮೂರು. ಅಭ್ಯಾಸ. ಬಸ್ಸಿನಲ್ಲೂ ಎಣಿಸುತ್ತೇನೆ, ಮದುವೆ ಹಾಲಿನಲ್ಲೂ ಎಣಿಸುತ್ತೇನೆ. ಮೊಮ್ಮಗಳು ಯಕ್ಷಿತಾ ನಗುತ್ತಾಳೆ. "ಅಜ್ಜ ಕಾ ಕೌಂಟಿಂಗ್ ಚಾಲೂ."

ವೈಶಾಲಿ ಬಂದಿಲ್ಲ. ಆಫೀಸಿನವರು ಕೊನೆ ಗಳಿಗೆಯಲ್ಲಿ ರಜೆ ಕ್ಯಾನ್ಸಲ್ ಮಾಡಿದರು. ಕೊಟ್ಟ ದುಡ್ಡು ವಾಪಸ್ ಇಲ್ಲವಂತೆ. ಹಾಗಾಗಿ ನಾವು ನಾಲ್ಕು, ಪ್ಯಾಕೇಜು ಐದಕ್ಕೆ.

ಗೇಟಿನಲ್ಲಿ ನಿಜವಾದ ತೆಂಗಿನ ಮರ. ಅದರ ಪಕ್ಕ ಪ್ಲಾಸ್ಟಿಕ್ ತೆಂಗಿನ ಮರ, ಅದಕ್ಕೆ ಲೈಟು. ಒಬ್ಬಳು ಹುಡುಗಿ ಕುತ್ತಿಗೆಗೆ ಬಟ್ಟೆ ಹೂವಿನ ಹಾರ ಹಾಕಿ, ಕೈಗೆ ನೀಲಿ ಪಟ್ಟಿ ಕಟ್ಟಿದಳು. ಇದು ಇದ್ದರೆ ಎಲ್ಲಿ ಬೇಕಾದರೂ ಎಷ್ಟು ಬೇಕಾದರೂ ತಿನ್ನಬಹುದಂತೆ. ಆಸ್ಪತ್ರೆಯಲ್ಲಿ ಹೆಣಕ್ಕೆ ಕಟ್ಟುವ ಹಾಗೆ ಉಂಟು ಅಂದೆ. ಅವಳಿಗೆ ಕನ್ನಡ ಬಾರದು, ಥ್ಯಾಂಕ್ಯೂ ಸರ್ ಅಂದಳು. ಐದನೇ ಪಟ್ಟಿಯನ್ನು ವಾರಿಜಾ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಈ ಜಾಗ ಗೊತ್ತು ನನಗೆ. ಈಜುಕೊಳ ಇರುವಲ್ಲಿ ಆಗ ಬೊಂಬಿಲ್ ಮೀನು ಒಣಗಿಸುವ ಬಿದಿರಿನ ಚಪ್ಪರ ಇತ್ತು. ಅತ್ತ ಇಗರ್ಜಿಯ ಬಿಳಿ ಗೋಡೆ ಈಗಲೂ ಇದೆ. ತೊಂಬತ್ತೊಂದರ ನವೆಂಬರಿನಲ್ಲಿ ಒಂಬತ್ತು ದಿನ ಈ ಮರಳಿನಲ್ಲಿ ನಡೆದಿದ್ದೇನೆ. ಬೆಳಿಗ್ಗೆ ಒಮ್ಮೆ, ಇಳಿತದಲ್ಲಿ ಒಮ್ಮೆ. ಏನಾದರೂ ತೇಲಿ ಬಂತಾ ಅಂತ ಇಲ್ಲಿನ ಮೀನುಗಾರರು, ಕೋಳಿ ಜನ, ಅವರ ಮನೆ ಮನೆಗೆ ಹೋಗಿ ಕೇಳಿದ್ದೇನೆ. ಒಂದು ಅಂಗಿಯ ಚೂರೂ ಸಿಗಲಿಲ್ಲ.

ನನ್ನ ತಮ್ಮ ರಮಾನಾಥ. ಇಪ್ಪತ್ತನಾಲ್ಕು ವರ್ಷ. ಬೋಟು ನಡೆಸುವ ತಾಂಡೇಲ ನಾನು. ಅವನು ನನ್ನ ಕೈಕೆಳಗಿನ ಖಲಾಸಿ.

ಜುಲೈ 4, ಸಂಜೆ ಏಳೂವರೆ.

ಊಟದ ಹಾಲ್‌ನಿಂದ ಎದ್ದು ಬಂದೆ.

ಟೇಬಲ್ಲಿಗೆ ಐದು ತಟ್ಟೆ. ಒಂದು ತೆಗಿ ಅಂದೆ. ವೇಟರ್ ಚೀಟಿ ತೋರಿಸಿದ. "ಅಂಕಲ್, ಪಾಂಚ್ ಹೈ ನಾ. ಮೇಡಂ ಲೇಟ್ ಆಯೇಂಗೀ ತೋ ಢಕ್ ಕೇ ರಖತಾ ಹೂಂ." ಮೇಡಂ ತಡವಾಗಿ ಬರುವುದಾದರೆ ಮುಚ್ಚಿಡುತ್ತೇನೆ ಅಂತ.

ಮೇಡಂ ಬರುವುದಿಲ್ಲ ಅಂತ ಪ್ರೀತಮ್ ಹೇಳುತ್ತಿದ್ದ. ಅಷ್ಟರಲ್ಲಿ ವಾರಿಜಾ ಎದ್ದು ಹೋಗಿ ಆ ತಟ್ಟೆಗೆ ಅನ್ನ ಹಾಕಿಕೊಂಡು ಬಂದಳು. ಮೀನಿನ ಸಾರು. ಎರಡು ತುಂಡು ಹುರಿದ ಮೀನು. ವೇಟರ್ ಗುಮ್ಮಟದಂಥ ಸ್ಟೀಲಿನ ಮುಚ್ಚಳ ತಂದು ಮುಚ್ಚಿದ. ಟಣ್ ಅಂತ ಸದ್ದಾಯಿತು.

"ಅಜ್ಜಾ, ಪ್ರಾನ್ಸ್ ಅನ್‌ಲಿಮಿಟೆಡ್ ಇದೆ, ನೀವು ತಿಂತಾ ಯಾಕಿಲ್ಲ?" ಯಕ್ಷಿತಾ.

ಎಸೆಯಲಿಲ್ಲ. ಅದನ್ನು ಡಾಕ್ಟರಿಗೆ ಹೇಳಬೇಕು.

ಜುಲೈ 5, ಶನಿವಾರ. ಬೆಳಿಗ್ಗೆ ಹನ್ನೊಂದು.

ಕಿನಾರೆಯಲ್ಲಿ ಕೆಂಪು ಬಾವುಟ. ಮಳೆಗಾಲ, ನೀರಿಗೆ ಇಳಿಯಬಾರದು. ಮರಳಿನಲ್ಲಿ ನಡೆಯಬಹುದು. ರೆಸಾರ್ಟಿನ ಗಾರ್ಡು ಸೀಟಿ ಹಿಡಿದು ನಿಂತಿದ್ದ. ಹಿಂದೆ ಬರುವಾಗ ರೂಮ್ ನಂಬರ್ ಕೇಳಿ ಲಿಸ್ಟು ನೋಡಿದ. ನಮ್ಮನ್ನು ನೋಡಿದ. ನಮ್ಮ ಹಿಂದೆ ಸಮುದ್ರ ನೋಡಿದ.

"ತುಮ್ಹೀ ಪಾಚ್ ಜಣ್ ನಾ? ಪಾಚವಾ ಕುಠೇ ಆಹೇ?" ಐದನೆಯವನು ಎಲ್ಲಿ ಅಂತ.

ಕಿರುಚಿದೆ. ಏನು ಕಿರುಚಿದೆನೋ. ಪ್ರೀತಮ್ ನನ್ನ ರಟ್ಟೆ ಹಿಡಿದು ಎಳೆದ. "ಅಪ್ಪಾ, ಅವ್ನ ಡ್ಯೂಟಿ ಅದು! ಲಿಸ್ಟಲ್ಲಿ ಐದು ಉಂಟು, ಕೇಳಿದ. ಅಷ್ಟೇ!"

ಅಷ್ಟೇ. ಅವನಿಗೆ ಇದ್ದ ಬುದ್ಧಿ ಅವತ್ತು ನನಗೆ ಇರಲಿಲ್ಲ.

ರೂಮಿಗೆ ಬರುವ ದಾರಿಯಲ್ಲಿ ಎಣಿಸಿದೆ. ಐದು ಬಂತು. ನಿಂತು ಮತ್ತೆ ಎಣಿಸಿದೆ. ನಾಲ್ಕು.

ಜುಲೈ 5, ಮಧ್ಯಾಹ್ನ ನಾಲ್ಕು.

ವಾರಿಜಾಳನ್ನು ಕೇಳಿಯೇ ಬಿಟ್ಟೆ. ಏನು ನಾಟಕ ಇದು ಅಂತ.

"ನಾಟಕ ಎಂತದ್ದು? ವೈಶಾಲಿ ಪಾಲಿನದ್ದು ಹೇಗೂ ಉಂಟಲ್ಲ. ರಮಾನಾಥನಿಗೆ ಒಂದು ಹೊತ್ತು ಹೊಟ್ಟೆ ತುಂಬ ಬಡಿಸುವ ಅಂತ."

"ಸತ್ತವರಿಗೆ ಎಲೆ ಹಾಕುವುದು. ತಟ್ಟೆ ಅಲ್ಲ."

"ಸತ್ತಿದ್ದಾನೆ ಅಂತ ನಿಮ್ಗೆ ಗೊತ್ತುಂಟಾ?"

ನೋಟ್‌ಬುಕ್ ಹಿಡಿದು ಕೂತೆ.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು, ಬಾಳೆ ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುವುದು ನಮ್ಮ ಕಡೆಯ ಕ್ರಮ. ನಮ್ಮ ಅಮ್ಮ ಸಾಯುವವರೆಗೂ ರಮಾನಾಥನಿಗೆ ಎಲೆ ಹಾಕಲು ಬಿಡಲಿಲ್ಲ. "ಬಿದ್ದ ಕೂಡಲೇ ಬೋಟು ತಿರುಗಿಸಿದ್ದೀರಲ್ಲ. ಈಜು ಬರುವವನು. ನಿಮಗೆ ಸಿಗಲಿಲ್ಲ ಅಂದರೆ ಬೇರೆ ಬೋಟಿನವರು ಎತ್ತಿಕೊಂಡಿದ್ದಾರೆ." ಹದಿನೆಂಟು ವರ್ಷ ಇದೇ ಮಾತು. ಬದುಕಿದ್ದವನಿಗೆ ಎಲೆ ಹಾಕಿದರೆ ನಾವೇ ಕೊಂದ ಹಾಗೆ ಅಂತ ಅಳುತ್ತಿದ್ದಳು. ವಾರಿಜಾ ಅದನ್ನೇ ನಂಬಿಕೊಂಡಿದ್ದಾಳೆ.

ಇವತ್ತೂ ತಟ್ಟೆ ತರಿಸುತ್ತಾಳಂತೆ. ಊಟದ ಹಾಲ್‌ನಲ್ಲಿ ಬೇಡ, ರೂಮಿನ ವರಾಂಡಕ್ಕೆ. ಸಮುದ್ರ ಕಾಣುವಲ್ಲಿ ಕುರ್ಚಿಯ ಮುಂದೆ. ಐದನೇ ಪಟ್ಟಿಯನ್ನು ಆ ಕುರ್ಚಿಯ ಕೈಗೆ ಕಟ್ಟಿದ್ದಾಳೆ.

ಜುಲೈ 6, ಭಾನುವಾರ. ಬೆಳಿಗ್ಗೆ ಐದು ನಲ್ವತ್ತು.

ಎದ್ದು ವರಾಂಡಕ್ಕೆ ಹೋದೆ. ಮಳೆ ಬಂದಿಲ್ಲ. ನೆಲ ಒಣಗಿದೆ. ನಾಲ್ಕು ಕುರ್ಚಿ. ಮೂರು ಒಣಗಿವೆ. ಪಟ್ಟಿ ಕಟ್ಟಿದ ಕುರ್ಚಿ ಒದ್ದೆ. ಕೂರುವ ಜಾಗದಲ್ಲಿ ಮಾತ್ರ. ಬೆರಳು ಒತ್ತಿ ನಾಲಿಗೆಗೆ ಇಟ್ಟೆ. ಉಪ್ಪು.

ಗಾಳಿಗೆ ಸಮುದ್ರದ ಹನಿ ಹಾರುತ್ತದೆ. ನಲ್ವತ್ತು ವರ್ಷ ಕಂಡಿದ್ದೇನೆ. ಒಂದೇ ಕುರ್ಚಿಗೆ ಹಾರುವುದನ್ನು ಕಂಡಿಲ್ಲ.

ಮುಚ್ಚಳ ತೆಗೆದೆ. ಒಂದು ಅಗುಳೂ ಕದಲಿಲ್ಲ. ಹಬೆ ಹನಿಯಾಗಿ ಮುಚ್ಚಳದಿಂದ ಅನ್ನದ ಮೇಲೆ ಬಿದ್ದು, ಅಲ್ಲಲ್ಲಿ ಗುಳಿ. ಸಾರಿನ ಮೇಲೆ ಎಣ್ಣೆ ಕೆನೆಗಟ್ಟಿದೆ. ಅವತ್ತೂ ಹೀಗೇ. ಸರಿಯಾಗಿ ಹೀಗೇ.

ಯಾಕೆ ಅಂತ ಬರೆಯಬೇಕಲ್ಲ. ಬರೆಯುತ್ತೇನೆ.

ಅವತ್ತು ರಮಾನಾಥನ ಕಾವಲು. ನಿದ್ದೆ ಹೋದ. ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ಎಲ್ಲರ ಎದುರಿಗೆ ಹೇಳಿದೆ — ಇವನಿಗೆ ಇವತ್ತು ಅನ್ನ ಇಲ್ಲ. ಮೊದಲು ಬಲೆ ಹೆಣೆಯಲಿ. ಅವನು ಸೂಜಿ, ನೂಲು ತೆಗೆದುಕೊಂಡು ಬೋಟಿನ ಹಿಂದುಗಡೆ ಹೋಗಿ ಕೂತ. ಕತ್ತಲಾಗುತ್ತಿತ್ತು.

ಎಂಟು ಜನ ನಾವು, ಎಂಟು ತಟ್ಟೆ. ಊಟವಾದ ಮೇಲೆ ತಾಂಡೇಲ ತಲೆ ಎಣಿಸಬೇಕು. ನಾನು ತಟ್ಟೆಯ ಪೆಟ್ಟಿಗೆ ನೋಡಿದೆ. ಖಾಲಿ. ಎಂಟೂ ತಟ್ಟೆ ಹೋಗಿವೆ, ಎಂಟೂ ಜನ ಉಂಡಿದ್ದಾರೆ. ಅಂದರೆ ಇವನು ನನ್ನ ಮಾತು ಮೀರಿ ಉಂಡಿದ್ದಾನೆ. ಸಿಟ್ಟು ಬಂತು. ಆ ಸಿಟ್ಟಿಗೆ ಹಿಂದುಗಡೆ ಹೋಗಿ ಅವನ ಮುಖ ನೋಡಲಿಲ್ಲ. ಮಲಗಿದೆ.

ಅಡುಗೆಯ ಖಂಡಪ್ಪ, ವಿಜಾಪುರದವನು, ಕನಿಕರಪಟ್ಟು ಎಂಟನೇ ತಟ್ಟೆಗೆ ಅನ್ನ ಬಡಿಸಿ ಮುಚ್ಚಳ ಮುಚ್ಚಿ ಇಂಜಿನ್ ರೂಮಿನ ಪಕ್ಕ ಇಟ್ಟಿದ್ದ. ಬೆಳಿಗ್ಗೆ ಅವನೇ ಕರೆದ. "ಅಣ್ಣಾರ, ತಮ್ಮ ಉಂಡಿಲ್ರೀ. ಕೂಳು ಹಂಗ ಐತಿ."

ಸೂಜಿ ನೂಲಿನಲ್ಲಿ ನೇತಾಡುತ್ತಿತ್ತು. ಬಲೆ ಅರ್ಧ ಹೆಣೆದಿತ್ತು.

ಒಂಬತ್ತು ಗಂಟೆ. ಬೋಟು ಒಂಬತ್ತು ಗಂಟೆ ಮುಂದೆ ಹೋಗಿತ್ತು.

ದಡಕ್ಕೆ ಬಂದು ಎಲ್ಲರಿಗೂ ಹೇಳಿದ್ದು — ಬೆಳಗಿನ ಜಾವ ಬಲೆ ಎಳೆಯುವಾಗ ಬಿದ್ದ, ಆಗಲೇ ತಿರುಗಿಸಿದೆವು. ಬೋಟಿನವರು ಯಾರೂ ಬಾಯಿ ಬಿಡಲಿಲ್ಲ. ತಾಂಡೇಲನ ಮಾತು. ಖಂಡಪ್ಪ ಮರುತಿಂಗಳೇ ಊರಿಗೆ ಹೋದವನು ತಿರುಗಿ ಬರಲಿಲ್ಲ.

ಜುಲೈ 6, ಬೆಳಿಗ್ಗೆ ಎಂಟು.

ವಾರಿಜಾಳಿಗೆ ಹೇಳಿದೆ. ಇದನ್ನೇ ಓದಿ ಹೇಳಿದೆ. ಬಾಯಲ್ಲಿ ಬರುತ್ತಿರಲಿಲ್ಲ.

ಅವಳು ತಟ್ಟೆ ನೋಡುತ್ತಿದ್ದಳು. "ಆಗ್ಲೇ ತಿರುಗಿಸಿದ್ದು ಅಂತ ಹೇಳಿದ್ರಿ," ಅಂದಳು. "ಅದೊಂದು ಮಾತು ಹಿಡ್ಕೊಂಡು ಅತ್ತೆ ಹದಿನೆಂಟು ವರ್ಷ ಬಾಗ್ಲು ನೋಡಿದ್ರು."

ಕುರ್ಚಿಯಿಂದ ಪಟ್ಟಿ ಬಿಚ್ಚಿಕೊಂಡು ಒಳಗೆ ಹೋದಳು.

ಜುಲೈ 7, ಸೋಮವಾರ.

ವಾಪಸ್. ಫೆರಿಯಲ್ಲಿ ಎಣಿಸಲಿಲ್ಲ. ಧೈರ್ಯ ಬರಲಿಲ್ಲ.

ಜುಲೈ 16, ಬುಧವಾರ. ಮಧ್ಯಾಹ್ನ.

ವಾಪಸ್ ಬಂದು ಒಂಬತ್ತು ದಿನ. ವಾರಿಜಾ ಅನ್ನ ಬಡಿಸುತ್ತಾಳೆ, ಬಿಪಿ ಮಾತ್ರೆ ಕೊಡುತ್ತಾಳೆ. ಮಾತಿಲ್ಲ. ಪ್ರೀತಮ್ ಇಬ್ಬರನ್ನೂ ನೋಡುತ್ತಾನೆ. "ರೆಸಾರ್ಟಲ್ಲಿ ಎಂತ ಜಗಳ ಆಡಿದ್ದು ನೀವು?" ಅಂತ ಕೇಳಿದ. ಹೇಳಲಿಲ್ಲ. ಹೇಳಬೇಕು.

ಡಾಕ್ಟರು ಬಿಪಿ ನೋಡಿದರು. ನೂರಾ ಐವತ್ತು. "ನೋಡಿ, ಬರೆದದ್ದು ಕೆಲಸ ಮಾಡಿತು," ಅಂದರು. ನಕ್ಕರು. ಸಿಟ್ಟು ಬರಲಿಲ್ಲ.

ಜುಲೈ 19, ಶನಿವಾರ. ಸಂಜೆ.

ವಾರಿಜಾ ಮಾತಾಡಿದಳು. ಕ್ಯಾಲೆಂಡರ್ ಹತ್ತಿರ ನಿಂತಿದ್ದಳು. "ಗುರುವಾರ ಆಟಿ ಅಮಾವಾಸ್ಯೆ."

"ಎಲೆ ಹಾಕುವಾ?" ಕೇಳಿದೆ.

"ನನ್ನ ಹತ್ರ ಕೇಳ್ಬೇಡಿ."

"ಮತ್ತೆ ಯಾರ ಹತ್ತಿರ ಕೇಳುವುದು?"

"ಅನ್ನ ಇಲ್ಲ ಅಂತ ಹೇಳಿದ್ದು ನೀವು. ಕರೀಬೇಕಾದದ್ದೂ ನೀವೇ. ಅವನ ಹತ್ರವೇ ಕೇಳಿ."

ವೈಶಾಲಿಯನ್ನು ಕರೆದೆ. ಇವತ್ತಿನಿಂದ ಒಂದು ತಟ್ಟೆ ಬಡಿಸಿ ಮುಚ್ಚಿಡು ಅಂದೆ. ಅವಳು ಗಂಡನ ಮುಖ ನೋಡಿದಳು. "ಬಾಬಾ, ನಕ್ಕೀ? ಪುನ್ಹಾ ಫೇಕಣಾರ್ ನಾಹೀ ನಾ?" ಖಂಡಿತ ತಾನೇ, ಮತ್ತೆ ಎಸೆಯುವುದಿಲ್ಲವಲ್ಲ ಅಂತ. ಎಸೆಯುವುದಿಲ್ಲ ಅಂದೆ. ಎರಡು ಬಂಗುಡೆ ಹಾಕು ಅಂದೆ.

ಜುಲೈ 20, ಭಾನುವಾರ. ಬೆಳಿಗ್ಗೆ ಆರು.

ರಮಾನಾಥ,

ತಟ್ಟೆ ನೋಡಿ ಬಂದೆ. ಹಾಗೇ ಇದೆ. ಮುಚ್ಚಳದ ಹನಿ ಬಿದ್ದಿದೆ, ಅಷ್ಟೇ. ಕಾಗೆಗೆ ಹಾಕಿದೆ.

ಬದುಕಿದ್ದರೆ ನಿನಗೆ ಐವತ್ತೆಂಟು. ಎಲ್ಲಿಯಾದರೂ ಹೆಂಡತಿ ಮಕ್ಕಳು ಅಂತ ಇದ್ದೀಯಾದರೆ, ನನ್ನ ಮೇಲಿನ ಸಿಟ್ಟಿಗೇ ಬರಲಿಲ್ಲವಾದರೆ, ಸರಿ. ನನ್ನದೇ ರಕ್ತ, ಅಷ್ಟು ಸಿಟ್ಟು ಇರುತ್ತದೆ. ಆಗ ದಿನಾ ತಟ್ಟೆ ಮುಚ್ಚಿಡುತ್ತೇನೆ. ನಾನು ಇರುವವರೆಗೆ.

ಬದುಕಿಲ್ಲವಾದರೆ ಎಲೆ ಹಾಕುತ್ತೇನೆ. ಹೆಸರು ಹಿಡಿದು ಕರೆಯುತ್ತೇನೆ. ಒಂಬತ್ತು ಗಂಟೆಯ ವಿಷಯ ಮಗನ ಎದುರಿಗೆ ಹೇಳಿ ಕರೆಯುತ್ತೇನೆ. ಅನ್ನ ಇಲ್ಲ ಅಂದದ್ದನ್ನೂ ಹೇಳುತ್ತೇನೆ.

ಎರಡೂ ಒಟ್ಟಿಗೆ ಆಗುವುದಿಲ್ಲ. ಬದುಕಿದ್ದವನಿಗೆ ಎಲೆ ಹಾಕಿ ಇನ್ನೊಮ್ಮೆ ತಪ್ಪು ಎಣಿಸಲಾರೆ.

ಗುರುವಾರ ಅಮಾವಾಸ್ಯೆ. ಬಾಳೆ ಎಲೆಗೆ ದಾದರ್ ಮಾರ್ಕೆಟ್ಟಿಗೆ ಹಿಂದಿನ ದಿನವೇ ಹೋಗಬೇಕು. ನನ್ನ ಮೊಣಕಾಲಿಗೆ ಸ್ಟೇಷನ್ನಿನ ಮೆಟ್ಟಿಲು ಹತ್ತುವುದು ಕಷ್ಟ. ಸುಮ್ಮನೆ ಹೋಗುವವನಲ್ಲ ನಾನು.

ತಟ್ಟೆಯೋ, ಎಲೆಯೋ? ಬುಧವಾರ, ಇಪ್ಪತ್ತಮೂರರ ಒಳಗೆ ಹೇಳು.