ನನ್ನ ರಕ್ತ ಕೇಳ್ಯಾರ

೧೯ ಜನವರಿ, ಸೋಮವಾರ, ಬ್ಯಾಡಗಿ

ಎಚ್‌ಐವಿ ಐತಂತ ತಿಳಿದು ಇಷ್ಟು ವರ್ಷಾದ ಮ್ಯಾಲೆ ನನ್ನ ರಕ್ತ ಬೇಕನ್ನೋರು ಸಿಕ್ಕಾರ. ಹಾವೇರಿ ದವಾಖಾನಿ ಡಾಕ್ಟರಬಾಯಿ ಇವತ್ತ ಹೇಳಿದ್ರು, "ಮುಸರತ ಅವರ, ನಿಮ್ಮ ರಕ್ತದಾಗಿನ ಪ್ರತಿಕಾಯ ಹಲವು ನಮೂನಿ ಎಚ್‌ಐವಿ ವೈರಸ್ ತಡೀತಾವು. ಭಾಳ ಮಂದ್ಯಾಗ ಹಿಂಗ ಇರೂದಿಲ್ಲ. ಸಂಶೋಧನೆಗೆ ಇನ್ನಷ್ಟು ರಕ್ತ ಕೊಡ್ತೀರೇನ್ರಿ?"

"ಹಂಗಾರ ನನಗ ಆರಾಮ ಆತೇನ್ರಿ?"

"ಇಲ್ರಿ. ನಿಮ್ಮ ಮೈಯಾಗಿನ ವೈರಸ್ ರೂಪ ಬದಲಿಸಿ ಆ ಪ್ರತಿಕಾಯದಿಂದ ತಪ್ಪಿಸ್ಕೊಂಡೈತಿ. ಗುಳಿಗಿ ಬಿಡಬ್ಯಾಡ್ರಿ."

ಕೊಡ್ತೀನಿ, ಆದ್ರ ಮನೀಗೆ ಯಾರೂ ಬರಬ್ಯಾಡ್ರಿ ಅಂದೆ. ಮಗಳು ಅಫ್ರೀನಗ ರಾಣೆಬೆನ್ನೂರಿನ ಹುಡುಗನ ಕೂಡ ಲಗ್ನ ಗೊತ್ತಾಗೇತಿ. ಬೀಗರಿಗಷ್ಟ ಅಲ್ಲ, ಅಕಿಗೂ ನನ್ನ ಜಡ್ಡು ಗೊತ್ತಿಲ್ಲ.

"ಅಮ್ಮೀ, ಡಾಕ್ಟರ್ ಏನಂದ್ರು?" ಅಂತ ನಾ ಮನೀಗೆ ಬಂದ ಕೂಡ್ಲೆ ಕೇಳಿದ್ಲು.

"ರಕ್ತ ಭಾಳ ಛಲೋ ಐತಂತ" ಅಂದೆ.

ಈಗ ಒಳಗ ಆ ಹುಡುಗಗ ಫೋನಿನ್ಯಾಗ ಅದನ್ನ ಖುಷಿಲೆ ಹೇಳಾಕತ್ತಾಳ. ಯಾವ ಡಾಕ್ಟರ್, ಯಾಕ ಹೋಗಿದ್ರು ಅಂತ ಅಂವ ಕೇಳಿದ್ರ ಅಕಿಗೆ ಏನಂತ ಹೇಳ್ಲಿ?