ಇಲ್ಲದ ಏಳು ಮೈಲಿಯ ರಸ್ತೆ

ರಿಪ್ಪನ್‌ಪೇಟೆ
ಮಾರ್ಚ್ 1966

ರಸ್ತೆ ಸಮೀಕ್ಷೆಯ ಮಾನ್ಯ ಎಂಜಿನಿಯರ್ ಸಾಹೇಬರೇ,

ನೀವು ನಮ್ಮ ಪುಸ್ತಕ ಕದ್ದಿರಿ. ಕದ್ದದ್ದನ್ನು ನಕಲು ಮಾಡಿ, ಕೆಳಗೆ ನಿಮ್ಮ ರುಜು ಹಾಕಿ, ವರದಿ ಎಂದು ಸರ್ಕಾರಕ್ಕೆ ಒಪ್ಪಿಸಿದಿರಿ. ಆ ವರದಿಯಲ್ಲಿದ್ದ ಒಂದು ರಸ್ತೆ ನೆಲದ ಮೇಲೆ ಸಿಗದೆ ಹೋದಾಗ ತಪ್ಪನ್ನು ಅಂಜನಪ್ಪನ ತಲೆಗೆ ಕಟ್ಟಿ, ಹನ್ನೊಂದು ವರ್ಷದಿಂದ ರಸ್ತೆ ಗ್ಯಾಂಗಿನ ಮೇಸ್ತ್ರಿಯಾಗಿದ್ದವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದಿರಿ. ಇಷ್ಟು ಓದಿದ ಮೇಲೆ ಕಾಗದವನ್ನು ಕಸದ ಬುಟ್ಟಿಗೆ ಹಾಕುವ ಮನಸ್ಸಾದರೆ ಹಾಕಿ, ನನ್ನ ಅಭ್ಯಂತರವಿಲ್ಲ. ಇದರ ಅಚ್ಚಾದ ಪ್ರತಿಗಳನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಸೈಕಲ್ ಅಂಗಡಿಗಳ ಗೋಡೆಗೆ ಅಂಟಿಸಿಯಾಗಿದೆ. ಪಂಕ್ಚರ್ ಹಾಕಿಸಲು ಬಂದವರು ಕಾಯುವ ಹೊತ್ತಿನಲ್ಲಿ ಓದಿಕೊಳ್ಳುತ್ತಾರೆ.

ನನ್ನ ಮುಖದ ಗುರುತು ನಿಮಗೆ ಇರಲಾರದು. ಹೊಸನಗರದಲ್ಲಿ ಕಚೇರಿಯ ಮೆಟ್ಟಿಲ ಪಕ್ಕ ಡೆಸ್ಕು ಹಾಕಿಕೊಂಡು ಬೇರೆಯವರ ಅರ್ಜಿ ಬರೆದುಕೊಡುವ ಮುಕುಂದಯ್ಯ ನಾನು. ‘ತಾವು ದಯಾಮಯರು’ ಎಂದು ಹದಿನಾರು ವರ್ಷದಿಂದ ಬರೆಯುತ್ತಲೇ ಇದ್ದೇನೆ. ನಿಮಗೂ ಬರೆದಿದ್ದೇನೆ, ಯಾರುಯಾರದೋ ಹೆಬ್ಬೆಟ್ಟಿನ ಮೇಲ್ಗಡೆ. ಈ ಪತ್ರದಲ್ಲಿ ಆ ಮಾತು ಕಾಣದಿದ್ದರೆ ಅದು ಮರೆವು ಎಂದು ಭಾವಿಸಬೇಡಿ.

ಭಾನುವಾರ ಮಾತ್ರ ನಾನು ಬೇರೆಯೇ ಮನುಷ್ಯ. ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಸೈಕಲ್ ಹತ್ತಿ, ರಿಪ್ಪನ್‌ಪೇಟೆಯ ಜಟ್ಟಿಂಗಪ್ಪನ ಸೈಕಲ್ ಅಂಗಡಿಗೆ ಬರುತ್ತೇನೆ. ಸಾಗರದ ಕಡೆಯಿಂದ ಇಬ್ಬರು, ತೀರ್ಥಹಳ್ಳಿಯಿಂದ ಮೂವರು, ಊರಿನವರು ನಾಲ್ಕೈದು ಜನ ಸೇರುತ್ತಾರೆ. ಅಲ್ಲಿ ರಾಜಕೀಯ ಇಲ್ಲ, ಅಡಿಕೆ ಧಾರಣೆ ಇಲ್ಲ, ಬರೀ ಸೈಕಲ್ಲಿನ ಮಾತು. ಹಂಬರ್ ಸೈಕಲ್ಲಿನ ಫೋರ್ಕು ಜೋಡಿಯಾಗಿರುವುದು ಅಂದಕ್ಕೋ ಗಟ್ಟಿಗೋ ಎಂಬ ವಾದ ಎರಡು ವರ್ಷ ನಡೆದು ಇನ್ನೂ ಮುಗಿದಿಲ್ಲ. ಡೈನಮೋ ಮೇಲೋ ಸೀಮೆಎಣ್ಣೆ ದೀಪ ಮೇಲೋ ಎಂಬ ವಿಷಯದಲ್ಲಿ ಇಬ್ಬರು ಮಾತು ಬಿಟ್ಟು, ಈಗ ಮೂರನೆಯವನ ಮೂಲಕ ಜಗಳ ಆಡುತ್ತಾರೆ. ಅಂಜನಪ್ಪನ ಸೈಕಲ್ಲಿಗೆ ಹೆಸರೇ ಇಲ್ಲ. ಫ್ರೇಮು ಒಂದು ಕಂಪನಿಯದು, ಮುಂದಿನ ಚಕ್ರ ಇನ್ನೊಂದರದು, ಸೀಟು ತೀರಿಕೊಂಡ ಪೋಸ್ಟ್‌ಮನ್ ಒಬ್ಬರದು. ಮೂರು ವರ್ಷ ಒಂದೊಂದೇ ಭಾಗ ಹುಡುಕಿ ತಂದು ಅವನೇ ಜೋಡಿಸಿದ್ದು. ಬೆಲ್ಲು ಬಿಟ್ಟರೆ ಅದರಲ್ಲಿ ಇನ್ನಾವ ಸದ್ದೂ ಬರುವುದಿಲ್ಲ. ಹೊಸ ಸೈಕಲ್ ಕೊಂಡವರು ಅದನ್ನು ನೋಡಿ ಹೊಟ್ಟೆಕಿಚ್ಚು ಪಡುತ್ತಿದ್ದರು, ಅವರಲ್ಲಿ ನಾನೂ ಒಬ್ಬ.

ಜಟ್ಟಿಂಗಪ್ಪನ ಅಂಗಡಿಯ ಮೊಳೆಗೆ ಹಳೆಯ ಟ್ಯೂಬಿನ ಪಟ್ಟಿಯಲ್ಲಿ ಒಂದು ದಪ್ಪ ಪುಸ್ತಕ ನೇತಾಡುತ್ತಿತ್ತು. ಯಾರು ಯಾವ ದಾರಿಯಲ್ಲಿ ಹೋದರು, ಎಷ್ಟು ಮೈಲಿ, ಎಲ್ಲಿ ಜಲ್ಲಿ ಎದ್ದಿದೆ, ಯಾವ ಏರಿನಲ್ಲಿ ಇಳಿದು ತಳ್ಳಬೇಕು, ಎಲ್ಲಿ ಕುಡಿಯುವ ನೀರು ಸಿಗುತ್ತದೆ ಎಂಬುದೆಲ್ಲ ಅದರಲ್ಲಿ ಇತ್ತು. ನೀವು ಎತ್ತಿಕೊಂಡು ಹೋದದ್ದು ಅದನ್ನೇ. ಆದರೆ ಅದನ್ನು ಓದುವ ರೀತಿ ಬೇರೆ ಇತ್ತು ಸಾಹೇಬರೇ, ಅದು ನಿಮ್ಮ ಜೀಪಿನಲ್ಲಿ ಹಿಡಿಯುವಂಥದ್ದಲ್ಲ.

ನಮ್ಮಲ್ಲಿ ಮಳೆಗಾಲ ನಾಲ್ಕು ತಿಂಗಳು. ಸೈಕಲ್ಲುಗಳನ್ನು ಮಾಡಿನ ತೊಲೆಗೆ ನೇತುಹಾಕಿ ಕೂರುವ ಕಾಲ. ಕೂತ ಕಡೆ ಬಾಯಿ ಸುಮ್ಮನಿರುವುದಿಲ್ಲ. ಆಗ ನಾವು ಬಾಯಿ ಸವಾರಿ ಮಾಡುತ್ತಿದ್ದೆವು. ಒಬ್ಬ ತಾನು ಬೇಸಿಗೆಯಲ್ಲಿ ಒಂದೇ ಉಸಿರಿಗೆ ಘಟ್ಟ ಏರಿದೆ ಎನ್ನುವನು, ಇನ್ನೊಬ್ಬ ಬಸ್ಸನ್ನು ಹಿಂದೆ ಹಾಕಿದೆ ಎನ್ನುವನು. ಜಟ್ಟಿಂಗಪ್ಪ ನಿಜವನ್ನೂ ಬಾಯಿ ಸವಾರಿಯನ್ನೂ ಒಂದೇ ಮಸಿಯಲ್ಲಿ, ಒಂದೇ ಗಂಭೀರ ಮುಖದಲ್ಲಿ ಪುಸ್ತಕಕ್ಕೆ ಏರಿಸುವನು. ಆ ಅಂಗಡಿಯಲ್ಲಿ ಯಾರನ್ನೂ ಸುಳ್ಳುಗಾರ ಎನ್ನಬಾರದು. ಅದು ನಮ್ಮ ಕಟ್ಟುಪಾಡು.

ಹಾಗಾದರೆ ನಿಜ ಯಾವುದೆಂದು ತಿಳಿಯುವುದು ಹೇಗೆ? ಅಂಜನಪ್ಪನನ್ನು ಕೇಳಬೇಕು. ಈ ಸೀಮೆಯ ದಾರಿಗಳನ್ನೆಲ್ಲ ಅವನು ಚಕ್ರದಿಂದ ಅಳೆದಿದ್ದಾನೆ. ಮುಂದಿನ ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾನೆ. ಏಳುನೂರ ಇಪ್ಪತ್ತು ಸುತ್ತಿಗೆ ಒಂದು ಮೈಲಿ. ನೂರು ಸುತ್ತಾದಾಗ ಒಂದು ಹುಣಸೆ ಬೀಜ ಎಡ ಜೇಬಿನಿಂದ ಬಲ ಜೇಬಿಗೆ ಹೋಗುತ್ತದೆ. ಪುಸ್ತಕದಲ್ಲಿದ್ದ ಯಾವುದಾದರೂ ಹೊಸ ದಾರಿಗೆ ಹೊರಡುವ ಮುಂಚೆ ನಾವು ಅವನ ಮುಖ ನೋಡುತ್ತಿದ್ದೆವು. ಅವನು ಹೋಗಿಬನ್ನಿ ಎಂದರೆ ದಾರಿ ಇದೆ. ಕೂತು ಚಹಾ ಕುಡಿಯೋಣ ಎಂದರೆ ಅಲ್ಲಿ ದಾರಿ ಇಲ್ಲ. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಿದವನಲ್ಲ.

ಈಗ ನನ್ನ ವಿಷಯ. ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಭಾನುವಾರ, ತೀರ್ಥಹಳ್ಳಿಯ ಒಬ್ಬ ಹುರಿಯಾಳು ತಾನು ಒಂದೇ ದಿನದಲ್ಲಿ ಅರವತ್ತು ಮೈಲಿ ತುಳಿದ ಕಥೆ ಹೇಳಿದ. ನಿಜವೇ ಇರಬಹುದು. ನನಗೆ ನಲವತ್ತೆರಡು ವಯಸ್ಸು, ಮಂಡಿ ನೋವು ಬೇರೆ. ತಡೆಯಲಾಗಲಿಲ್ಲ. ಹಂದಿಕಟ್ಟೆಯಿಂದ ಕರಿಬ್ಯಾಣದ ಒಳಗೆ ಹಾದು ತೀರ್ಥಹಳ್ಳಿ ರಸ್ತೆಗೆ ಸೇರುವ ಒಳದಾರಿ ಒಂದಿದೆ, ಏಳು ಮೈಲಿ, ನಲವತ್ತು ನಿಮಿಷದಲ್ಲಿ ಮುಗಿಸಿದೆ, ಒಂದು ಏರಿನಲ್ಲಿ ಬಿಟ್ಟರೆ ಎಲ್ಲೂ ಇಳಿಯಲಿಲ್ಲ ಎಂದುಬಿಟ್ಟೆ. ಆ ಏರನ್ನು ಸೇರಿಸಿದ್ದು ಕಥೆಗೆ ನಿಜದ ಬಣ್ಣ ಬರಲಿ ಎಂದು. ಜಟ್ಟಿಂಗಪ್ಪ ಬರೆದುಕೊಂಡ. ಮಳೆ ನಿಂತ ಮೇಲೆ ನಮ್ಮ ಕೂಟದ ಸೀತಾರಾಮಪ್ಪ, ಪಾಪ, ಆ ದಾರಿ ನೋಡಲೇಬೇಕು ಎಂದು ಸೈಕಲ್ ಹೊರಳಿಸಿ ನಿಂತ. ಅಂಜನಪ್ಪ ಅವನ ಹ್ಯಾಂಡಲ್ ಮೇಲೆ ಕೈ ಇಟ್ಟು, “ಈ ವಾರ ಬ್ಯಾಡ ಮಾರಾಯ್ರೆ. ಕೂತ್ಕಳಿ, ಒಂದ್ ಲೋಟ ಚಾ ಕುಡಿಯಣ,” ಎಂದ. ಎಲ್ಲರಿಗೂ ಅರ್ಥವಾಯಿತು. ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಅಂಥ ಮರ್ಯಾದೆ ನನಗೆ ಬೇರೆಲ್ಲೂ ಸಿಕ್ಕಿಲ್ಲ, ಕಚೇರಿಗಳಲ್ಲಂತೂ ಕೇಳಲೇಬೇಡಿ.

ಆಮೇಲೆ ನೀವು ಬಂದಿರಿ. ಲಿಂಗನಮಕ್ಕಿಯ ನೀರು ಏರಿ ಹಳೆಯ ದಾರಿಗಳು ಮುಳುಗಿದ್ದವು. ಬಸ್ಸಿಗೆ ಬದಲಿ ದಾರಿ ಹುಡುಕುವ ಸಮೀಕ್ಷೆ ನಿಮ್ಮ ಪಾಲಿಗೆ ಬಂದಿತ್ತು. ಕಾಡು ಸುತ್ತಿ, ಜಿಗಣೆಗೆ ರಕ್ತ ಕೊಟ್ಟು, ಮೈಲಿ ಅಳೆಯುವ ಕೆಲಸ. ಕಳೆದ ಆಗಸ್ಟಿನಲ್ಲಿ ನಿಮ್ಮ ಜೀಪಿನ ಟೈರು ರಿಪ್ಪನ್‌ಪೇಟೆಯಲ್ಲಿ ಗಾಳಿ ಬಿಟ್ಟಿತು. ಜಟ್ಟಿಂಗಪ್ಪ ಟೈರು ಬಿಚ್ಚಿದ, ನಾವು ನಿಮಗೆ ಸ್ಟೂಲು ಒರೆಸಿ ಕೊಟ್ಟೆವು. ಕಾಲೇಜಿನಲ್ಲಿ ನಾನೂ ಸೈಕಲ್ ಶೋಕಿಯವನೇ ಎಂದಿರಿ. ನಮಗೆ ಎಷ್ಟು ಹಿಗ್ಗಾಯಿತು ಎಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ. ಪುಸ್ತಕ ತಿರುವಿ ಹಾಕಿದಿರಿ. “ಎರಡು ದಿನಕ್ಕೆ ಕೊಡ್ರೀ, ನೋಡಿ ಕಳಿಸ್ತೀನಿ,” ಎಂದಿರಿ. ಜಟ್ಟಿಂಗಪ್ಪ ಮೊಳೆಯಿಂದ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಅಂಜನಪ್ಪ ಅಲ್ಲೇ ಇದ್ದ. ನಿಮ್ಮ ಕೈಕೆಳಗಿನವನು, ಆದ್ದರಿಂದ ಗೋಡೆಗೆ ಅಂಟಿ ನಿಂತಿದ್ದ. “ಸ್ವಾಮಿ, ಅದುನ್ನ ಓದೋದಾದ್ರೆ ನನ್ನ ಒಂದ್ ಮಾತು ಕೇಳಿ ಓದಿ,” ಎಂದ. ನೀವು ಏನು ಹೇಳಿದಿರಿ, ನೆನಪಿದೆಯೇ? “ಮೇಸ್ತ್ರಿ, ಜೀಪಿಗೆ ನೀರು ಹಾಕು.”

ಅವನು ಹೋಗಿ ನೀರು ಹಾಕಿದ.

ನಿಮ್ಮ ವರದಿಯ ಕನ್ನಡ ಸಾರಾಂಶವನ್ನು ಪ್ರತಿ ಮಾಡುವ ಕೆಲಸ ಜನವರಿಯಲ್ಲಿ ನನ್ನ ಡೆಸ್ಕಿಗೇ ಬಂತು. ದೇವರು ಇದ್ದಾನೆ ಎಂದು ನನಗೆ ಅನಿಸಿದ್ದು ಆಗ. ‘ಖುದ್ದು ಪರಿಶೀಲಿಸಿ ಸಿದ್ಧಪಡಿಸಿದ್ದು’ ಎಂದು ಮೇಲ್ಗಡೆ ಇತ್ತು. ಒಳಗೆ ನಮ್ಮ ಮಾತುಗಳೇ ಕೋಟು ಹಾಕಿಕೊಂಡು ನಿಂತಿದ್ದವು. ‘ಸದರಿ ಇಳಿಜಾರಿನಲ್ಲಿ ಹಿಂಬದಿಯ ಬ್ರೇಕು ವಿಶ್ವಾಸಾರ್ಹವಲ್ಲ.’ ಅದು ಸೀತಾರಾಮಪ್ಪನ ಸೈಕಲ್ಲಿನ ಬ್ರೇಕು ಸಾಹೇಬರೇ, ಸರ್ಕಾರದ ಇಳಿಜಾರಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಏಳು ಮೈಲಿಯೂ ಅಲ್ಲಿತ್ತು, ಬಸ್ ಸಂಚಾರಕ್ಕೆ ಅತ್ಯಂತ ಯೋಗ್ಯ ಎಂಬ ಶಿಫಾರಸಿನ ಸಮೇತ. ‘ಒಂದು ಏರಿನಲ್ಲಿ ಮಾತ್ರ ವಾಹನದಿಂದ ಇಳಿದು ತಳ್ಳುವುದು ಸೂಕ್ತ.’ ಬಸ್ಸನ್ನು? ಗರ್ಭಿಣಿಯರೂ ಇಳಿದು ತಳ್ಳಬೇಕೇ, ಅಥವಾ ಅವರಿಗೆ ವಿನಾಯಿತಿ ಉಂಟೇ? ಇದನ್ನು ಬರೆಯುವಾಗ ನಿಮ್ಮ ಕೈ ಒಂದು ಕ್ಷಣವೂ ನಿಲ್ಲಲಿಲ್ಲವೇ?

ಆಗಲೇ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನಕ್ಕೆ. ಭಾನುವಾರ ಅಂಗಡಿಗೆ ಹೋಗಿ ಎಲ್ಲರನ್ನೂ ನಗಿಸಿದೆ. ನಗದಿದ್ದವನು ಅಂಜನಪ್ಪ ಒಬ್ಬನೇ. “ಇದು ಯಾರ ಮೇಲೋ ಬತ್ತದೆ ರೈಟ್ರೇ,” ಎಂದ. ಅವನ ಮೇಲೆಯೇ ಬಂತು.

ಫೆಬ್ರವರಿಯಲ್ಲಿ ನಿಮ್ಮ ಹಿರಿಯ ಅಧಿಕಾರಿ ಬದಲಿ ದಾರಿ ನೋಡಲು ಬಂದರು. ಅಂಜನಪ್ಪನ ಜೊತೆ ನಿಮ್ಮ ಹಿಂದೆ ಗುದ್ದಲಿ ಹೊತ್ತು ಬಂದಿದ್ದ ಗ್ಯಾಂಗಿನವರು ಹೇಳಿದ್ದನ್ನೇ ಬರೆಯುತ್ತಿದ್ದೇನೆ. ಹಂದಿಕಟ್ಟೆಯಿಂದ ಅರ್ಧ ಮೈಲಿಗೆ ಜೀಪು ನಿಂತಿತು. ಮುಂದೆ ದನ ಮೇಯುವ ಬ್ಯಾಣದ ಹುಲ್ಲು, ಅದರಾಚೆ ಕಡಿದಾದ ಕೊರಕಲು. ಎರಡು ಎಮ್ಮೆ ನಿಮ್ಮನ್ನು ನೋಡುತ್ತಾ ನಿಂತವು. ಹಿರಿಯರು ರಸ್ತೆ ಎಲ್ಲಿ ಎಂದರು. ನೀವು ನಕಾಶೆ ಬಿಡಿಸಿದಿರಿ, ಮಡಿಸಿದಿರಿ, ಮತ್ತೆ ಬಿಡಿಸಿದಿರಿ. ಆಮೇಲೆ ಬೆರಳು ಎತ್ತಿ ತೋರಿಸಿ, “ಈ ಮೇಸ್ತ್ರಿ ಕೊಟ್ಟ ಸುಳ್ಳು ಮಾಹಿತಿ ಸಾರ್,” ಎಂದಿರಿ.

ಹಿರಿಯರು ಅಂಜನಪ್ಪನನ್ನೇ ಕೇಳಿದರು. ಒಂದು ಮಾತು ಸಾಕಿತ್ತು. ಪುಸ್ತಕ ನಮ್ಮದು, ಈ ಸಾಲು ಮುಕುಂದಯ್ಯನದು, ಅವನು ಕೊಚ್ಚಿಕೊಂಡದ್ದು ಎಂದಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಅವನು, “ನಾನು ಇಲ್ಲಿ ರಸ್ತೆ ಐತೆ ಅಂತ ಯಾರಿಗೂ ಹೇಳಿಲ್ಲ ಸ್ವಾಮಿ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ನಾಲ್ಕನೆಯ ದಿನ ಆದೇಶ ಬಂತು.

ಯಾಕೆ ಹೇಳಲಿಲ್ಲ ಎಂದು ನಾನು ಅವನ ಮನೆಗೆ ಹೋಗಿ ಕೇಳಿದೆ. “ಅಂಗಡೀಲಿ ಆಡಿದ್ದು ಅಂಗಡೀಲೇ ಇರ್ಬೇಕು ಅಯ್ಯನೋರೆ. ಅದುನ್ನ ಅಲ್ಲಿ ಹೇಳಿದ್ರೆ ನಾಳೆ ಭಾನುವಾರ ಯಾವ ಮುಖ ಇಟ್ಕಂಡು ಬರ್ಲಿ?” ಎಂದ. ಅವನ ಹೆಂಡತಿ ಹಾಲಮ್ಮ ಒಲೆಯ ಮುಂದಿನಿಂದಲೇ ಅಂದಳು: “ನಿಮ್ಮ ಬಾಯಿಗೆ ರಸ್ತೆ ಬೇಕಿತ್ತು ಅಯ್ಯನೋರೆ, ಮಾಡ್ಕಂಡ್ರಿ. ಅದಕ್ಕೆ ನಮ್ಮನೆ ಅನ್ನವೇ ಆಗ್ಬೇಕಿತ್ತಾ?” ತಲೆ ಎತ್ತಿದರೆ ಮಾಡಿನ ತೊಲೆಯಲ್ಲಿ ಅವನ ಸೈಕಲ್ಲು ನೇತಾಡುತ್ತಿತ್ತು. ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿದೆ. ನಾನು ಅಳು ತಡೆದುಕೊಂಡು ಹೊರಗೆ ಬಂದೆ, ರಸ್ತೆಯಲ್ಲಿ ಅತ್ತೆ.

ನಾನು ಸುಮ್ಮನೆ ಕೂರಲಿಲ್ಲ ಎಂಬುದು ನಿಮಗೆ ಗೊತ್ತು. ಸುಳ್ಳು ನನ್ನದು, ಪುಸ್ತಕ ನಮ್ಮ ಕೂಟದ್ದು, ಅಂಜನಪ್ಪ ನಿರಪರಾಧಿ ಎಂದು ಹಿರಿಯರಿಗೆ ಅರ್ಜಿ ಬರೆದೆ. ಜೀವಮಾನದಲ್ಲಿ ಅಷ್ಟು ಚೆಂದದ ಅರ್ಜಿಯನ್ನು ನಾನು ಬರೆದಿರಲಿಲ್ಲ. ಅದು ಸಂಬಂಧಪಟ್ಟ ಅಧಿಕಾರಿಯ ಮುಖಾಂತರವೇ ಬರತಕ್ಕದ್ದು ಎಂಬ ಷರಾದೊಂದಿಗೆ ನಿಮ್ಮ ಮೇಜಿಗೆ ಇಳಿಯಿತು. ಕಳ್ಳತನದ ದೂರನ್ನು ವಿಚಾರಿಸುವ ಭಾರ ನಿಮಗೇ ಬಿತ್ತು. ನೀವು ಸಾವಧಾನವಾಗಿ ವಿಚಾರಿಸಿ, ‘ಸದರಿ ಪುಸ್ತಕ ಎಂಬುದು ಇರುವುದಿಲ್ಲ, ಅರ್ಜಿದಾರನು ಸ್ವತಃ ಸುಳ್ಳುಗಾರನೆಂದು ಒಪ್ಪಿರುತ್ತಾನೆ’ ಎಂದು ಬರೆದು ಮುಗಿಸಿದಿರಿ. ಎರಡನೆಯ ಮಾತು ಸರಿಯಾಗಿದೆ. ನಿಮ್ಮ ಕೈಯಿಂದ ಇಡೀ ವರ್ಷದಲ್ಲಿ ಬಂದ ಸರಿಯಾದ ವಾಕ್ಯ ಅದೊಂದೇ ಇರಬೇಕು.

ಆದ್ದರಿಂದ ಈಗ ನನಗೆ ಬೇಕಾಗಿರುವುದು ಸೇಡು. ಅದಕ್ಕೆ ನ್ಯಾಯ ಎಂದು ಹೆಸರಿಟ್ಟು ದೊಡ್ಡ ಮನುಷ್ಯನಾಗುವ ಆಸೆ ನನಗಿಲ್ಲ. ನೀವು ಜೀಪಿನಲ್ಲಿ ಹೋಗುವಾಗ ಸೈಕಲ್ಲಿನವರು ಬದಿಗೆ ಸರಿದು ನಿಂತು ನಗಬೇಕು. ನಿಮ್ಮ ಹಿರಿಯರು ನಿಮ್ಮನ್ನು ಕರೆದು, ವಾಹನದಿಂದ ಇಳಿದು ತಳ್ಳುವ ಆ ವಾಕ್ಯವನ್ನು ಗಟ್ಟಿಯಾಗಿ ಓದಿಸಬೇಕು. ಇದನ್ನೆಲ್ಲ ನಾನು ಮನಸಾರೆ ಬಯಸುತ್ತೇನೆ. ಆದರೆ ನನ್ನ ಬಯಕೆಗಿಂತ ಹಾಲಮ್ಮನ ಒಲೆ ಮುಖ್ಯ, ಹಾಗಾಗಿ ಬೇಡಿಕೆಗೆ ಬರುತ್ತೇನೆ.

ಅಂಜನಪ್ಪನ ವಜಾ ಆದೇಶವನ್ನು ಯುಗಾದಿಯ ಒಳಗೆ ರದ್ದು ಮಾಡಿ. ಅವನ ಮೇಲೆ ಹೊರಿಸಿದ ತಪ್ಪು ನಿಮ್ಮದೆಂದು ಬರವಣಿಗೆಯಲ್ಲಿ ಒಪ್ಪಿ, ಅದನ್ನು ಅವನ ಗ್ಯಾಂಗಿನವರ ಎದುರಿಗೆ ಓದಿ ಅವನ ಕೈಗೆ ಕೊಡಿ. ಪುಸ್ತಕ ನಮಗೆ ಬೇಡ, ನೀವೇ ಇಟ್ಟುಕೊಳ್ಳಿ, ನಿಮಗೆ ಬೇಕಾಗುತ್ತದೆ. ಯಾಕೆಂದರೆ ಆ ಪುಸ್ತಕ ಆರು ಮಳೆಗಾಲ ಕಂಡಿದೆ. ಬಾಯಿ ಸವಾರಿ ಮಾಡಿದವನು ನಾನೊಬ್ಬನೇ ಅಲ್ಲ. ನಿಮ್ಮ ರುಜು ಬಿದ್ದ ವರದಿಯಲ್ಲಿ ಭೂಮಿಯ ಮೇಲೆ ಇಲ್ಲದ ರಸ್ತೆಗಳು ಇನ್ನೂ ಇವೆ. ಬಸ್ಸು ಬಿಡಲು ಹಿರಿಯರು ಒಂದೊಂದಾಗಿ ಅವನ್ನು ನೋಡಲು ಬರುವವರಿದ್ದಾರೆ ಎಂದು ಕೇಳಿದ್ದೇನೆ. ಎಷ್ಟು ಇವೆ, ಯಾವ ಯಾವುವು ಎಂದು ನನ್ನನ್ನು ಕೇಳಬೇಡಿ, ನನಗೆ ನನ್ನದೊಂದೇ ಗೊತ್ತು. ಕೂಟದವರು ಯಾರೂ ತಮ್ಮದನ್ನು ಹೇಳುವುದಿಲ್ಲ. ಎಲ್ಲವನ್ನೂ ಬಲ್ಲವನು ಈ ಸೀಮೆಯಲ್ಲಿ ಒಬ್ಬನೇ ಇದ್ದಾನೆ, ಅವನನ್ನು ನೀವು ಮನೆಗೆ ಕಳಿಸಿದ್ದೀರಿ. ಮೊದಲು ಅವನನ್ನು ಕೆಲಸಕ್ಕೆ ಕರೆದುಕೊಳ್ಳಿ. ಆಮೇಲೆ ಎದುರಿಗೆ ಒಂದು ಕುರ್ಚಿ ಹಾಕಿ ಕೂರಿಸಿ, ಮರ್ಯಾದೆಯಿಂದ ಕೇಳಿ. ಹೇಳುವುದೂ ಬಿಡುವುದೂ ಅಂಜನಪ್ಪನಿಗೆ ಬಿಟ್ಟದ್ದು.

ಇಂತಿ,
ನಿಮ್ಮ ನಕಾಶೆಯ ಮೇಲೆ ಏಳು ಮೈಲಿ ರಸ್ತೆ ಹಾಕಿಕೊಟ್ಟು, ಗೆಳೆಯನ ಅನ್ನ ಕಳೆದ
ಮುಕುಂದಯ್ಯ
ಅರ್ಜಿ ಬರೆಯುವವನು, ಹೊಸನಗರ